ಒಂಬತ್ತನೇ ಕ್ಲಾಸಿಗೆ ‘ಚಲನೆ’ ಪಾಠ ಎಲ್ಲಿಂದ ಶುರು ಮಾಡೋದು?

ಹೊಸಮೇಷ್ಟ್ರು:
ಈ ವರ್ಷ ಮೊದಲ ಸಲ ಒಂಬತ್ತನೇ ಕ್ಲಾಸಿಗೆ ಫಿಸಿಕ್ಸ್ ತಗೊಂಡಿದ್ದೇನೆ, ಕನ್ನಡ ಮಾಧ್ಯಮ. ಚಲನೆ ಪಾಠ ಮುಗಿದು ಎರಡು ವಾರ ಆಯ್ತು. ಮಕ್ಕಳು ‘ವಿ ಇಸ್ ಈಕ್ವಲ್ ಟು ಯು ಪ್ಲಸ್ ಎಟಿ’ ಅನ್ನೋ ವೇಗದ ಸೂತ್ರವನ್ನು ಮಗ್ಗಿ ಥರ ಒಪ್ಪಿಸುತ್ತಾರೆ. ಮೊನ್ನೆ ಸುಮ್ನೆ ಕೇಳಿದೆ, ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಇರುವಾಗ ವೇಗೋತ್ಕರ್ಷ (ಅಂದರೆ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನೋದು) ಎಷ್ಟು? ಇಡೀ ಕ್ಲಾಸು ಒಂದೇ ದನಿಯಲ್ಲಿ ‘ಸೊನ್ನೆ ಸರ್’! ಲ್ಯಾಬ್ ಅಂದರೆ ಬೀಗ ಹಾಕಿದ ಒಂದು ಬೀರು, ಅಷ್ಟೇ. ಏನು ಮಾಡಲಿ?

ಚಾಕ್‌ಪುಡಿ:
ಅರ್ಧ ತಪ್ಪು ಪದಗಳದ್ದು. ಮನೆಯಲ್ಲಿ ‘ಬಸ್ಸು ವೇಗವಾಗಿ ಹೋಯ್ತು’ ಅನ್ನುತ್ತೇವೆ, ಪುಸ್ತಕದಲ್ಲಿ ಅದು ಜವ, ದಿಕ್ಕೂ ಸೇರಿದರೆ ಮಾತ್ರ ವೇಗ. ಜವ ಅಂತ ಯಾರು ಮಾತಾಡುತ್ತಾರೆ ಹೇಳಿ? (ಮುಂದೆ ‘ರಾಶಿ’, ಅಂದರೆ ಮಾಸ್, ಬರುತ್ತದೆ, ಮಕ್ಕಳಿಗೆ ಅದು ಕಣದ ರಾಗಿ, ಇಲ್ಲಾಂದ್ರೆ ಮೇಷ ವೃಷಭ.) ನಾನು ಮೊದಲ ಎರಡು ಪೀರಿಯಡ್ ಸೂತ್ರ ಮುಟ್ಟುವುದೇ ಇಲ್ಲ. ಒಬ್ಬ ಹುಡುಗ ಕಾರಿಡಾರಿನಲ್ಲಿ 10 ಮೀಟರ್ ಹೋಗಿ ಹೊರಟ ಜಾಗಕ್ಕೇ ವಾಪಸ್ ಬರುತ್ತಾನೆ, ಒಟ್ಟು 20 ಸೆಕೆಂಡು. ಸರಾಸರಿ ಜವ ಸೆಕೆಂಡಿಗೆ 1 ಮೀಟರ್, ಸರಾಸರಿ ವೇಗ ಸೊನ್ನೆ. ‘ಅಷ್ಟು ನಡೆದಿದ್ದಾನಲ್ಲ ಮಿಸ್, ಸೊನ್ನೆ ಹೇಗೆ?’ ಅಂತ ಜಗಳ ಶುರುವಾಗುತ್ತದೆ. ತಡೆಯಬೇಡಿ.

ಗೋಲಿಡಬ್ಬಿ:
ಬೀರು ಹಾಗೇ ಇರಲಿ. ವೈರಿಂಗ್‌ಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಎರಡು ಮೀಟರ್ ತನ್ನಿ, ಮುಚ್ಚಳ ತೆಗೆದರೆ ಗೋಲಿಗೆ ಒಳ್ಳೆ ದಾರಿ. ಒಂದು ತುದಿ ಆರೇಳು ಸೆಂ.ಮೀ. ಎತ್ತರಿಸಿ ಸಾಕು, ಜಾಸ್ತಿ ಬೇಡ. ಮೇಲಿನಿಂದ 10, 40, 90, 160 ಸೆಂ.ಮೀ.ಗೆ ತೆಳ್ಳನೆ ದಾರ ಕಟ್ಟಿ ಗೋಲಿ ಬಿಡಿ. ಟಕ್, ಟಕ್, ಟಕ್, ಟಕ್. ಹೆಚ್ಚುಕಡಿಮೆ ಒಂದೇ ತಾಳ! ದಾರಗಳ ನಡುವಿನ ಜಾಗ ಮಾತ್ರ 30, 50, 70 ಅಂತ ಬೆಳೆಯುತ್ತಾ ಹೋಗಿದೆ. ವೇಗೋತ್ಕರ್ಷ ಅಂದರೆ ಇದೇ, ಕಿವಿಗೇ ಕೇಳುತ್ತದೆ. ಗೆಲಿಲಿಯೋ ಹತ್ತಿರವೂ ಸ್ಟಾಪ್‌ವಾಚ್ ಇರಲಿಲ್ಲ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಹೊತ್ತು ಅಳೆದವನು. ಆಮೇಲೆ ಅದೇ ಪಟ್ಟಿಯಲ್ಲಿ ಗೋಲಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ. ತುದಿಯಲ್ಲಿ ವೇಗೋತ್ಕರ್ಷ ಸೊನ್ನೆ ಆಗಿದ್ದರೆ ಗೋಲಿ ಅಲ್ಲೇ ಕೂತಿರಬೇಕಿತ್ತು, ಅಲ್ವಾ?

ನಿವೃತ್ತ:
ಗೋಲಿ ಚೆನ್ನಾಗಿದೆ. ಆದರೆ ನನ್ನ ಅನುಭವದಲ್ಲಿ ಮಕ್ಕಳು ಬೀಳುವುದು ಮೈನಸ್ ಚಿಹ್ನೆಯಲ್ಲಿ. ಸೆಕೆಂಡಿಗೆ 20 ಮೀಟರಿನಂತೆ ಮೇಲಕ್ಕೆ ಎಸೆದ ಚೆಂಡಿಗೆ 2 ಸೆಕೆಂಡಾದ ಮೇಲೆ ವೇಗ ಎಷ್ಟು ಅಂದರೆ, ಗುರುತ್ವದ 9.8ರ ಎರಡರಷ್ಟು, ಅಂದರೆ 19.6, ಕಳೆಯುವ ಬದಲು 20ಕ್ಕೆ ಕೂಡಿಸಿ 39.6 ಅಂತ ಬರೆಯುತ್ತಾರೆ. ಮೇಲೆ ಹೋದಷ್ಟೂ ಚೆಂಡು ಜೋರಾಗುತ್ತಿದೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ! ಉತ್ತರ ಬರೆದ ಮೇಲೆ ‘ಇದು ನಂಬೋ ಮಾತಾ?’ ಅಂತ ಒಂದು ಸಾಲು ಬರೆಸಿ, ಅದಕ್ಕೂ ಅರ್ಧ ಅಂಕ ಕೊಡಿ.

ಹೊಸಮೇಷ್ಟ್ರು:
ಇವತ್ತು ಪಟ್ಟಿ ಪ್ರಯೋಗ ಮಾಡಿದೆ. ಮೊದಲ ಸಲ ದಪ್ಪ ದಾರ ಕಟ್ಟಿ ಗೋಲಿ ಹಾರಿ ಬೆಂಚಿನ ಕೆಳಗೆ ಹೋಯ್ತು, ಹುಡುಕೋಕೇ ಐದು ನಿಮಿಷ. ಹೊಲಿಗೆ ದಾರ ಹಾಕಿದ ಮೇಲೆ ಸರಿಯಾಯ್ತು. ಮೇಲಕ್ಕೆ ತಳ್ಳಿದಾಗ ಹಿಂದಿನ ಬೆಂಚಿನ ಹುಡುಗಿ, ‘ಸರ್, ಗೋಲಿಗೆ ನಿಲ್ಲೋಕೆ ಪುರುಸೊತ್ತೇ ಇಲ್ಲ’ ಅಂದಳು. ಮೈನಸ್ ನಾಳೆಗೆ.