ಸಹಾಯ ಬೇಕು: ಬೆಳಗಿನ ಮೊದಲ ಸಿಗರೇಟ್ ಬಿಡೋಕಾಗ್ತಿಲ್ಲ

ಎಲ್ಲರಿಗೂ ನಮಸ್ಕಾರ. 14 ವರ್ಷದಿಂದ ದಿನಕ್ಕೆ 15 ಸಿಗರೇಟ್ ಸೇದ್ತಿದ್ದೆ. ಹೋದ ತಿಂಗಳು ಮಗಳು ಎತ್ಕೋ ಅಂತ ಬಂದವಳು, ‘ಅಪ್ಪ, ವಾಸನೆ’ ಅಂತ ಮೂಗು ಮುಚ್ಕೊಂಡು ಹಿಂದೆ ಸರಿದ್ಳು. ಅವತ್ತೇ ಪ್ಯಾಕೆಟ್ ಎಸೆದೆ.

ತಂಬಾಕು ಬಿಡೋಕೆ ನೆರವಾಗೋ ಸಹಾಯವಾಣಿ, 1800-11-2356 ಕ್ವಿಟ್‌ಲೈನ್‌ಗೆ ಫೋನ್ ಮಾಡಿದೆ, ತಾಳ್ಮೆಯಿಂದ ಮಾತಾಡಿದ್ರು. ಈಗ ಸಿಗರೇಟ್ ಆಸೆ ತಗ್ಗಿಸೋಕೆ ಅಗಿಯೋ 2 ಎಂಜಿ ನಿಕೋಟಿನ್ ಗಮ್ ತಗೋತಿದೀನಿ. ಹಗಲು ಹೇಗೋ ಕಳೆಯುತ್ತೆ. ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದ್ರೆ ಸಾಕು, ಬೆರಳು ನಡುಗುತ್ತೆ. ಮೂರು ದಿನಕ್ಕೊಮ್ಮೆ ಸೋತು ಒಂದು ಹಚ್ಚಿಬಿಡ್ತೀನಿ. ಕಾಫಿ ಕುಡಿದ ತಕ್ಷಣ ಗಮ್ ಹಾಕ್ಕೊಂಡ್ರೆ ನಿಕೋಟಿನ್ ಸರಿಯಾಗಿ ಹೀರಲ್ವಂತೆ, ಅದಕ್ಕೆ 15 ನಿಮಿಷ ಬಿಡ್ತೀನಿ. ಆ 15 ನಿಮಿಷವೇ ನನ್ನ ಕಷ್ಟ.

ಶನಿವಾರ ಡಾಕ್ಟರ ಹತ್ರ ಹೋಗ್ತಿದೀನಿ. ಎದ್ದ ಕೂಡಲೇ ಸೇದೋ ಚಟ ಇದ್ದು ಬಿಟ್ಟವರು ದಯವಿಟ್ಟು ಹೇಳಿ: ನಿಮಗೆ 4 ಎಂಜಿ ಗಮ್ ಕೆಲಸ ಮಾಡ್ತಾ, ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚಾ, ಇಲ್ಲ ಬೆಳಗಿನ ಕಾಫಿನೇ ಬಿಡಬೇಕಾಯ್ತಾ?