ಊರುಮನೆ ಗುಂಪಿನಲ್ಲಿ ಚಿಕ್ಕಪ್ಪನ ಕೆಮ್ಮು

ನಾನು: ತಮ್ಮ ಕೆಮ್ಮಿಗೆ ವಿಮಾನನೆಲೆಯ ಅಗ್ನಿಶಾಮಕ ಸೇವೆಯ ಹೊಗೆಯೇ ಕಾರಣವೆನ್ನುವ ಚಿಕ್ಕಪ್ಪ ಈ ಸುದ್ದಿಯನ್ನು ಓದಬೇಕು. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದ ಅಮೆರಿಕದ ಮಾಜಿ ಸೈನಿಕರಿಗೆ ಕೆಲವು ನಿಗದಿತ ಶ್ವಾಸಕೋಶದ ಕಾಯಿಲೆಗಳು ಬಂದರೆ, ಅದಕ್ಕೆ ಸೇವೆಯೇ ಕಾರಣವೆಂದು 2022ರ ಆಗಸ್ಟಿನ ಅಲ್ಲಿನ ಕಾನೂನು ಒಪ್ಪಿಕೊಳ್ಳುತ್ತದೆ.

ಭಾವ: ಮಾವನವರು ಇರಾಕಿಗೆ ಹೋದವರಲ್ಲ, ನಮ್ಮದೇ ವಿಮಾನನೆಲೆಯಲ್ಲಿ ಬೆಂಕಿ ನಂದಿಸಿದವರು. ಅವರ ಎಕ್ಸ್‌ರೇಯಲ್ಲಿ ದೋಷವಿಲ್ಲವೆಂದು ವೈದ್ಯರೇ ಹೇಳಿದ್ದಾರೆ. ನಿವೃತ್ತಿಯ ನಂತರ ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಅಡಿಕೆಗೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿದ್ದು ಈ ಕೆಮ್ಮಿಗೆ ಕಾರಣವಾಗಿರಬಾರದೇ?

ಅಕ್ಕ: ಆಗಿರಬಹುದು; ಅದೇ ದ್ರಾವಣದಿಂದ ಪೋರ್ಚುಗಲ್ಲಿನ ದ್ರಾಕ್ಷಿತೋಟದ ಕೆಲಸಗಾರರ ಶ್ವಾಸಕೋಶ ಕೆಟ್ಟದ್ದು ವೈದ್ಯಗ್ರಂಥಗಳಲ್ಲೇ ಇದೆ. ಆದರೆ ಎಕ್ಸ್‌ರೇಯನ್ನು ನೆಚ್ಚಿಕೊಳ್ಳಬೇಡಿ. ಓಡಲಾಗದಷ್ಟು ಏದುಸಿರು ಬರುತ್ತಿದ್ದ ಎಂಬತ್ತು ಅಮೆರಿಕನ್ ಸೈನಿಕರ ಕುರಿತು 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ 49 ಮಂದಿಯ ಶ್ವಾಸಕೋಶದ ತುಣುಕನ್ನು ತೆಗೆದು ನೋಡಿದಾಗ 38 ಮಂದಿಯ ಕಿರುಶ್ವಾಸನಾಳಗಳು ಗಾಯಗೊಂಡು ಕಿರಿದಾಗಿದ್ದುವು, ಆದರೂ ಅವರಲ್ಲಿ ಬಹುತೇಕ ಎಲ್ಲರ ಎಕ್ಸ್‌ರೇ ಸರಿಯಾಗಿಯೇ ಇತ್ತು. ಹಲವರು 2003ರಲ್ಲಿ ಮೋಸುಲ್ ಬಳಿ ಹೊತ್ತಿದ ಗಂಧಕದ ಬೆಂಕಿಯ ಹೊಗೆಗೆ ಸಿಕ್ಕವರು.

ಭಾವ: ಅದು ಬೇರೆ ದೇಶದ, ಬೇರೆ ಹೊಗೆಯ ಕಥೆ. ಇಲ್ಲಿ ದಾಖಲೆ ಎಲ್ಲಿದೆ?

ಚಿಕ್ಕಪ್ಪ: ದಾಖಲೆ ಇಲ್ಲದಿರುವುದೇ ನನ್ನ ದೂರು. ತರಬೇತಿಗೆಂದು ಗುಂಡಿಯಲ್ಲಿ ಇಂಧನ ಸುರಿದು, ಹೊತ್ತಿಸಿ, ನಂದಿಸುತ್ತಿದ್ದೆವು. ಜ್ವಾಲೆಯಿರುವಾಗ ಮುಖವಾಡವಿರುತ್ತಿತ್ತು, ಬೆಂಕಿ ಆರಿದ ಮೇಲೆ ಅದನ್ನು ಕಳಚಿ, ಹೊಗೆಯಾಡುವ ಅವಶೇಷಗಳನ್ನು ಗಂಟೆಗಟ್ಟಲೆ ಕೆದಕುತ್ತಿದ್ದೆವು. ಯಾರು ಎಷ್ಟು ಹೊತ್ತು, ಏನನ್ನು ಉಸಿರಾಡಿದರೆಂದು ಯಾರೂ ಬರೆದಿಡಲಿಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಕಾಸರಗೋಡು ಜಿಲ್ಲೆಯವರಾದ ನಮಗೆ ‘ದಾಖಲೆ ಎಲ್ಲಿದೆ’ ಎಂಬ ಪ್ರಶ್ನೆಯ ರುಚಿ ಗೊತ್ತಿಲ್ಲವೇ, ಅಳಿಯಂದಿರೇ? ಆ ವಿಷದಿಂದ ನರಳಿದ ಪಡ್ರೆ ಗ್ರಾಮದವರನ್ನು ಕೇಳಿ ನೋಡಿ.

ಭಾವ: ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ಬೋರ್ಡೋವನ್ನು ನಾನು ಬಿಡುವುದಿಲ್ಲ.

ಅಕ್ಕ: ಬಿಡುವುದು ಬೇಡ. ಕೊಳವೆಗೆ ಊದಿಸಿ ಉಸಿರಿನ ಪ್ರಮಾಣ, ವೇಗ ಅಳೆಯುವ ಸ್ಪೈರೋಮೆಟ್ರಿ ಮೊದಲು ಆಗಲಿ. ಅದೂ ಸರಿಯಿದ್ದು ಏದುಸಿರು ಉಳಿದರೆ, ಉಸಿರು ಒಳಗೆಳೆದಾಗಲೂ ಹೊರಬಿಟ್ಟಾಗಲೂ ಸಿಟಿ ಸ್ಕ್ಯಾನ್ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳೋಣ.

ಚಿಕ್ಕಪ್ಪ: ಸೇವಾಪತ್ರಗಳು ಅಟ್ಟದ ಪೆಟ್ಟಿಗೆಯಲ್ಲಿವೆ. ನಾಳೆ ಇಳಿಸಿ, ಯಾವ ವರ್ಷ ಯಾವ ನೆಲೆಯಲ್ಲಿ ಎಂಥ ಬೆಂಕಿಗಳೆಂದು ಬರೆಯುತ್ತೇನೆ.

ಭಾವ: ಗುರುವಾರ ಮಂಗಳೂರಿಗೆ ಕಾರು ನಾನೇ ತರುತ್ತೇನೆ. ಆ ಹಾಳೆಯಲ್ಲಿ ಬೋರ್ಡೋ ಸಿಂಪಡಿಸಿದ ಮಳೆಗಾಲಗಳೂ ಇರಲಿ, ಮಾವ. ಇಲ್ಲದಿದ್ದರೆ ವೈದ್ಯರಿಗೆ ನಾನು ಹೇಳಬೇಕಾಗುತ್ತದೆ.