ಜೋಲಿಯೆಟ್–ಓಮಾಹಾ, ಅಮೆರಿಕದ ಐ-80 ಹೆದ್ದಾರಿ, ಜನವರಿ: ಏನೇನು ಎದುರಾಗುತ್ತೆ?

ಹೊಸಗಾಡಿ: ಇಲಿನಾಯ್‌ನ ಜೋಲಿಯೆಟ್‌ನಿಂದ ನೆಬ್ರಾಸ್ಕಾದ ಓಮಾಹಾಗೆ ಖಾಯಂ ರೂಟು, ಜನವರಿಯಿಂದ. ಟ್ರಕ್ ಹಿಂದೆ 53 ಅಡಿ ಡ್ರೈ ವ್ಯಾನ್ (ಮುಚ್ಚಿದ ಪೆಟ್ಟಿಗೆ ಟ್ರೇಲರ್). ಒಂದು ದಿನ ಹೋಗೋದು, ಮರುದಿನ ಬರೋದು. ಒಂದು ಕಡೆಗೆ ಹೆಚ್ಚುಕಮ್ಮಿ 435 ಮೈಲಿ. ಮ್ಯಾಪಲ್ಲಿ ನೋಡಿದ್ರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ಯಾವುದಕ್ಕೆ ತಯಾರಾಗಿರಬೇಕು?

ಲೆಕ್ಕಪಕ್ಕಾ: ಓಡಿಸೋ ಗಂಟೆ ಸಮಸ್ಯೆಯೇ ಅಲ್ಲ. ಸರಾಸರಿ ಗಂಟೆಗೆ 58 ಮೈಲಿ ಹಿಡಿದರೂ ಏಳೂವರೆ ಗಂಟೆ, ಕಾನೂನು ಓಡಿಸೋಕೆ ಕೊಡೋದು 11 ಗಂಟೆ. ಕೈ ಕಚ್ಚೋದು 14 ಗಂಟೆಯ ಗಡಿಯಾರ, ಅದು ಮುಗಿದ ಮೇಲೆ ಓಡಿಸೋ ಹಾಗಿಲ್ಲ. ಡ್ಯೂಟಿಗೆ ಬಂದ ಕ್ಷಣದಿಂದ ಓಡುತ್ತೆ, ಗೋದಾಮಿನವರು ಡಾಕಲ್ಲಿ ನಾಲ್ಕು ಗಂಟೆ ಕಾಯಿಸಿದ್ರೂ ನಿಲ್ಲಲ್ಲ. ಲೈವ್ ಅನ್‌ಲೋಡಾ (ಸರಕು ಇಳಿಸೋವರೆಗೂ ಕಾಯೋದು), ಡ್ರಾಪ್ ಅಂಡ್ ಹುಕ್ಕಾ (ಟ್ರೇಲರ್ ಬಿಟ್ಟು ಬೇರೆದು ಸಿಕ್ಕಿಸಿಕೊಂಡು ಹೊರಡೋದು) ಅಂತ ಲೋಡು ಹಂಚೋ ಡಿಸ್ಪ್ಯಾಚರನ್ನ ಮೊದಲೇ ಕೇಳಿ. ಡಿಟೆನ್ಷನ್ ದುಡ್ಡು (ಕಾಯಿಸಿದ್ದಕ್ಕೆ ಕೊಡೋದು) ಸಾಮಾನ್ಯವಾಗಿ ಎರಡು ಗಂಟೆ ಕಳೆದ ಮೇಲೇ ಶುರು. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಎರಡನ್ನೂ ಲೋಡಿನ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತು ನಡೆಯಲ್ಲ.

ರಾತ್ರಿಪಾಳಿ: "ನಿಲ್ಲಲ್ಲ" ಅನ್ನೋದು ತಪ್ಪು. ಸ್ಲೀಪರಲ್ಲಿ (ಕ್ಯಾಬಿನ ಮಲಗೋ ಜಾಗ) ಕನಿಷ್ಠ 7 ಗಂಟೆ, ಬೇರೆ ಹೊತ್ತಲ್ಲಿ ಕನಿಷ್ಠ 2 ಗಂಟೆ ವಿಶ್ರಾಂತಿ, ಎರಡೂ ಕೂಡಿ 10 ಆದ್ರೆ ಆ ಎರಡು ತುಂಡೂ 14ರಿಂದ ಹೊರಗೆ. ಡಾಕಲ್ಲಿ ಕಾಯೋದನ್ನೇ ಚಿಕ್ಕ ತುಂಡು ಮಾಡ್ಕೋಬಹುದು.

ಬಯಲುಸೀಮೆ: "ಸಮಸ್ಯೆಯೇ ಅಲ್ಲ" ಅಂತೆ! ಆಫ್ ಡ್ಯೂಟಿ ಹಾಕಿ 30 ನಿಮಿಷ ಬ್ರೇಕ್ ತಗೊಳ್ಳೋದು ಯಾವ ಲೆಕ್ಕಕ್ಕೆ? ಅದಿರಲಿ, ಜನವರಿಲಿ ಅಯೋವಾದಲ್ಲಿ ಗಡಿಯಾರಕ್ಕಿಂತ ಮುಂಚೆ ಗಾಡಿನೇ ನಿಲ್ಲುತ್ತೆ. ಡೆಫ್ (ಹೊಗೆ ಶುದ್ಧ ಮಾಡೋ ಯೂರಿಯಾ ದ್ರವ) 12 ಡಿಗ್ರಿಗೆ ಕಲ್ಲಾಗುತ್ತೆ.

ಲೆಕ್ಕಪಕ್ಕಾ: ಹಳೇ ಪಂಚಾಂಗ ಓದ್ತಿದ್ದೀರಿ. 2020ರ ಸೆಪ್ಟೆಂಬರ್ 29ರಿಂದ ನಿಯಮ ಬದಲಾಗಿದೆ. 8 ಗಂಟೆ ಓಡಿಸಿದ ಮೇಲೆ ಮಾತ್ರ ಬ್ರೇಕ್. ಸ್ಟಿಯರಿಂಗ್ ಬಿಟ್ಟು ಸತತ 30 ನಿಮಿಷ ಆದ್ರೆ ಸಾಕು, ಡೀಸೆಲ್ ತುಂಬಿಸ್ತಾ ನಿಂತಿದ್ರೂ ನಡೆಯುತ್ತೆ. ಇದು ಏಳೂವರೆ ಗಂಟೆ ದಾರಿ, ಮುಟ್ಟೋದೇ ಕಷ್ಟ.

ಮೆಕ್ಯಾನಿಕ್ ಮಾವ: 12 ಅಂದ್ರೆ ಯಾವ ಡಿಗ್ರಿ ಸ್ವಾಮಿ? ಫ್ಯಾರನ್‌ಹೀಟ್ ಅಂತ ಬರೀರಿ, ಇಲ್ದಿದ್ರೆ ಓದಿದೋರು ಬೆಂಗಳೂರಿನ ಡಿಸೆಂಬರ್ ಬೆಳಗು ಅಂದ್ಕೋತಾರೆ. ಸೆಲ್ಸಿಯಸ್‌ನಲ್ಲಿ ಮೈನಸ್ 11. ಡೆಫ್ ಗಟ್ಟಿಯಾದ್ರೆ ಗಾಡಿ ನಿಲ್ಲಲ್ಲ. ಎಂಜಿನ್ ಮಾಮೂಲಿಯಾಗೇ ಸ್ಟಾರ್ಟ್ ಆಗುತ್ತೆ, ಬಿಸಿ ಕೂಲಂಟ್ ಡೆಫ್ ಟ್ಯಾಂಕಿನೊಳಗೆ ಹರಿದು ಕರಗಿಸುತ್ತೆ. ಕರಗಿದ್ದು ಕೆಡೋದೂ ಇಲ್ಲ. ಗಟ್ಟಿಯಾಗುವಾಗ ಸುಮಾರು 7% ಹಿಗ್ಗುತ್ತೆ, ಅದಕ್ಕೇ ಕಂಠಪೂರ್ತಿ ತುಂಬಬೇಡಿ, ಅಷ್ಟೇ. ನಿಲ್ಲಿಸೋದು ಡೀಸೆಲ್.

ಬಯಲುಸೀಮೆ: ಅಂದ್ರೆ ಗಟ್ಟಿಯಾಗುತ್ತೆ ಅಂತ ನೀವೇ ಒಪ್ಪಿದ್ರಿ. ಸಂತೋಷ. ಡೀಸೆಲ್‌ಗೆ ಒಂದು ಬಾಟ್ಲಿ ಅಡಿಟಿವ್ ಸುರಿದ್ರೆ ಆಯ್ತು, ಅದಕ್ಕೆ ಪುರಾಣ ಯಾಕೆ?

ಮೆಕ್ಯಾನಿಕ್ ಮಾವ: ಯಾವಾಗ ಸುರೀತೀರಿ? ಅದೇ ಪ್ರಶ್ನೆ. ಮಾಮೂಲಿ ನಂಬರ್ 2 ಡೀಸೆಲ್‌ನಲ್ಲಿ ಮೇಣ ಇರುತ್ತೆ. ಚಳೀಲಿ ತುಪ್ಪದ ಡಬ್ಬಿ ನೋಡಿದ್ದೀರಲ್ಲ, ಮೊದಲು ಮಬ್ಬು, ಆಮೇಲೆ ಕಾಳುಕಾಳು. ಆ ಕಾಳು ಸಿಕ್ಕಿಕೊಳ್ಳೋದು ಫಿಲ್ಟರ್‌ನಲ್ಲಿ. ಗಾಡಿ ಸ್ಟಾರ್ಟ್ ಆಗುತ್ತೆ, ಯಾರ್ಡಲ್ಲಿ ಚೆನ್ನಾಗೇ ಓಡುತ್ತೆ, ಹೈವೇ ಹತ್ತಿ ಆಕ್ಸಿಲರೇಟರ್ ಒತ್ತಿದಾಗ ಉಸಿರು ಕಟ್ಟುತ್ತೆ. ಅಡಿಟಿವ್ ಹಾಕೋದು ಮಬ್ಬಾಗೋ ಮುಂಚೆ. ಮೊದಲು ಅಡಿಟಿವ್, ಮೇಲಿಂದ ಡೀಸೆಲ್, ಎರಡು ಟ್ಯಾಂಕಿಗೂ. ಮೇಣ ಕಟ್ಟಿದ ಮೇಲೆ ಆ ಬಾಟ್ಲಿ ತೀರ್ಥ ಪ್ರೋಕ್ಷಣೆ ಮಾಡಿದ ಹಾಗೆ. ಕರಗಿಸೋ ಬಾಟ್ಲಿ ಬೇರೆ ಇದೆ, ಜೊತೆಗೆ ಹೊಸ ಫಿಲ್ಟರ್ ಬೇಕು. ಒಂದು ಸೆಟ್ ಫಿಲ್ಟರ್, ಅದನ್ನ ಬಿಚ್ಚೋ ರೆಂಚ್ ಕ್ಯಾಬಲ್ಲೇ ಇರಲಿ.

ಬಯಲುಸೀಮೆ: ತುಪ್ಪ, ತೀರ್ಥ... ಅಡುಗೆ ಕಾಲಂ ಬರೀರಿ ಮಾವ. ಬಂಕಿನೋರು ವಿಂಟರ್ ಬ್ಲೆಂಡ್ ಕೊಡ್ತಾರೆ, ಮೇಣ ಕಮ್ಮಿ ಇರೋ ನಂಬರ್ 1 ಡೀಸೆಲ್ ಬೆರೆಸಿ.

ರಾತ್ರಿಪಾಳಿ: ಕೊಡ್ತಾರೆ, ಮೈಲೇಜೂ ಬೀಳುತ್ತೆ. ಆದ್ರೆ ಇಲಿನಾಯ್ ಬಂಕಲ್ಲಿ ಪಂಪಿನ ಸ್ಟಿಕರ್ ಓದಿ. ಬಯೋಡೀಸೆಲ್ 5ರಿಂದ 20% ಅಂತಿದ್ರೆ ಬೇಗ ಮಬ್ಬಾಗುತ್ತೆ. ಅಂದಹಾಗೆ ಎಲ್ಲರೂ ಡೀಸೆಲ್ ಹಿಡ್ಕೊಂಡು ಕೂತಿದ್ದೀರಿ, ಬ್ರೇಕ್ ಬಗ್ಗೆ ಒಬ್ರೂ ಹೇಳಿಲ್ಲ. ಹಿಮದ ನೀರಲ್ಲಿ ಓಡಿಸಿ ಬಂದು ಹಾಗೇ ಪಾರ್ಕಿಂಗ್ ಬ್ರೇಕ್ ಹಾಕಿದ್ರೆ ಟ್ರೇಲರ್‌ನ ಬ್ರೇಕ್ ಶೂ ಡ್ರಮ್‌ಗೆ ಅಂಟಿ ಹೆಪ್ಪುಗಟ್ಟುತ್ತೆ. ನಿಲ್ಲಿಸೋ ಮುಂಚೆ ನಾಲ್ಕೈದು ಸಲ ಹಗುರಕ್ಕೆ ಬ್ರೇಕ್ ಒತ್ತಿ ಒಣಗಿಸಿ. ಬೆಳಿಗ್ಗೆ ಹತ್ತು ಅಡಿ ಎಳೆದು ಕನ್ನಡೀಲಿ ನೋಡಿ, ಪ್ರತಿ ಚಕ್ರವೂ ಉರುಳ್ತಿದೆಯಾ ಅಂತ. ಜಾರ್ತಿದ್ರೆ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಡ್ರಮ್‌ಗೆ ಸುತ್ತಿಗೆಯಲ್ಲಿ ತಟ್ಟಿ. ಎಳ್ಕೊಂಡೇ ಹೋದ್ರೆ ಟೈರ್ ಒಂದೇ ಕಡೆ ಸವೆದು ಚಪ್ಪಟೆ.

ಬಯಲುಸೀಮೆ: "ಮೈಲೇಜೂ ಬೀಳುತ್ತೆ." ಎಷ್ಟು? ಅಂಕಿ ಕೊಡಿ.

ರಾತ್ರಿಪಾಳಿ: ಸುತ್ತಿಗೆ ಕೊಡ್ತೀನಿ, ಬೇಕಾ?

ಹೊಸಗಾಡಿ: ಜಗಳ ಆಮೇಲೆ ಮಾಡಿ. ತೂಕದ ಚೀಟಿಲಿ ಸ್ಟಿಯರ್ (ಮುಂದಿನ ಆಕ್ಸಲ್) 11,800, ಡ್ರೈವ್ (ಟ್ರಕ್‌ನ ಹಿಂದಿನ ಜೋಡಿ ಆಕ್ಸಲ್) 32,700, ಟ್ರೇಲರ್ 34,900 ಪೌಂಡ್ ಬಂದ್ರೆ? ಒಟ್ಟು 79,400, ಕಾನೂನಿನ ಮಿತಿ 80,000ದೊಳಗೇ ಇದೆಯಲ್ಲ.

ಲೆಕ್ಕಪಕ್ಕಾ: ಒಟ್ಟು ಸರಿ, ಟ್ರೇಲರ್ ತಪ್ಪು. ಜೋಡಿ ಆಕ್ಸಲ್‌ಗೆ 34,000 ಮಿತಿ, 900 ಜಾಸ್ತಿ. ಟ್ಯಾಂಡಮ್‌ನ (ಟ್ರೇಲರ್‌ನ ಆ ಜೋಡಿ ಆಕ್ಸಲ್) ಹಿಂದಕ್ಕೆ ಸರಿಸಿ. ಅದು ಸರಿಯೋ ಹಳಿಯಲ್ಲಿ 4 ಇಂಚಿಗೊಂದು ತೂತಿದ್ರೆ ತೂತಿಗೆ ಸುಮಾರು 250 ಪೌಂಡ್ ಮುಂದಕ್ಕೆ ಹೋಗುತ್ತೆ. ನಾಲ್ಕು ತೂತು: ಟ್ರೇಲರ್ 33,900, ಡ್ರೈವ್ 33,700. ಅದನ್ನ ಹಿಡಿಯೋ ಪಿನ್ನು ತೂತಲ್ಲಿ ಪೂರ್ತಿ ಹೊರಬಂದಿದೆಯಾ ಇಳಿದು ನೋಡಿ, ಮತ್ತೆ ತೂಗಿಸಿ.

ಮೆಕ್ಯಾನಿಕ್ ಮಾವ: ಟ್ಯಾಂಕ್ ಎಷ್ಟು ತುಂಬಿದಾಗ ತೂಗಿದ್ದು ಅಂತ ಕೇಳಲೇ ಇಲ್ಲ ಲೆಕ್ಕದೋರು. ಗ್ಯಾಲನ್‌ಗೆ 7 ಪೌಂಡ್. ಆಮೇಲೆ ನೂರು ಗ್ಯಾಲನ್ ತುಂಬಿಸಿದ್ರೆ 700 ಪೌಂಡ್, ನಿಮ್ಮ 79,400 ಎಲ್ಲಿಗೆ ಹೋಯ್ತು?

ಲೆಕ್ಕಪಕ್ಕಾ: ಟ್ಯಾಂಕ್ ತುಂಬಿಸಿಯೇ ತೂಗೋದು, ಅದನ್ನೂ ಹೇಳಿಕೊಡಬೇಕಾ?

ರಾತ್ರಿಪಾಳಿ: ಹೊಸಗಾಡಿ, ಇದು ಬರ್ಕೊಳ್ಳಿ. ಮಳೆ ತುಂತುರು, ಉಷ್ಣತೆ 32 ಫ್ಯಾರನ್‌ಹೀಟ್ ಹತ್ತಿರ, ಮುಂದಿನ ಗಾಡಿಗಳ ಟೈರಿಂದ ನೀರು ಹಾರೋದು ಇದ್ದಕ್ಕಿದ್ದಂಗೆ ನಿಂತ್ರೆ, ರಸ್ತೆ ಒಣಗಿಲ್ಲ, ಐಸಾಗಿದೆ. ಕ್ರೂಸ್ ಕಂಟ್ರೋಲ್ ತೆಗೀರಿ, ಜೇಕ್ ಬ್ರೇಕ್ (ಎಂಜಿನ್ ಬ್ರೇಕ್) ಆಫ್ ಮಾಡಿ. ಖಾಲಿ ವ್ಯಾನಲ್ಲಿ ಅಡ್ಡಗಾಳಿ ಇದ್ರೆ ಇನ್ನೂ ಕೆಟ್ಟದು. ಪಾರ್ಕಿಂಗ್ ಸಂಜೆ ಐದು ಆರರೊಳಗೆ ಹುಡುಕಿ. ವಾಲ್ಕಾಟ್, ಅಯೋವಾ ಎಕ್ಸಿಟ್ 284ರ ಟ್ರಕ್ ಸ್ಟಾಪಲ್ಲಿ ಸುಮಾರು 900 ಟ್ರಕ್‌ಗೆ ಜಾಗ ಇದೆ.

ಲೆಕ್ಕಪಕ್ಕಾ: ವಾಲ್ಕಾಟ್ ಜೋಲಿಯೆಟ್‌ನಿಂದ 150 ಮೈಲಿ. ಮೂರು ಗಂಟೆ ಓಡಿಸಿ ಮಲಗೋಕಾ?

ರಾತ್ರಿಪಾಳಿ: ಬರೋವಾಗ, ಸ್ವಾಮಿ, ಬರೋವಾಗ. ಓಮಾಹಾದಲ್ಲಿ ನಾಲ್ಕು ಗಂಟೆ ಕಾಯಿಸ್ತಾರೆ ಅಂತ ಹೇಳಿದ್ದು ನೀವೇ.

ಬಯಲುಸೀಮೆ: ಮೈಲೇಜ್ ಅಂಕಿ ಇನ್ನೂ ಬಂದಿಲ್ಲ.